ಚಕ್ರಕ್ಕೆ ಕೊಟ್ಟ ಕಲ್ಲು

ಬಸ್ಸನ್ನು ಹಿಂದಕ್ಕೆ ಬಿಡುವುದರಲ್ಲಿ ಅವನನ್ನು ಮೀರಿಸುವವರು ಆ ಡಿಪೋದಲ್ಲಿ ಇನ್ನೂ ಹುಟ್ಟಿರಲಿಲ್ಲ. ರೂಟು ಮುಗಿಸಿ ಬಂದ ಡ್ರೈವರುಗಳು ಗೇಟಿನೊಳಗೆ ಬಸ್ಸು ನಿಲ್ಲಿಸಿ, ಊಟದ ಚೀಲ ಹೆಗಲಿಗೇರಿಸಿ ಇಳಿದುಬಿಡುತ್ತಿದ್ದರು. ಆಮೇಲಿನದೆಲ್ಲ ಅವನದು. ತೊಳೆಯುವ ಕಟ್ಟೆಗೆ ಒಯ್ಯಬೇಕು, ಡೀಸೆಲ್ ಹಾಕಿಸಬೇಕು, ಕೊನೆಗೆ ಎರಡು ಬಸ್ಸುಗಳ ನಡುವಿನ ಸಂದಿಗೆ ಹಿಮ್ಮುಖವಾಗಿ ನುಗ್ಗಿಸಿ, ಅತ್ತ ಇತ್ತ ಒಂದೊಂದು ಅಂಗೈ ಜಾಗ ಬಿಟ್ಟು ನಿಲ್ಲಿಸಬೇಕು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅನ್ನುತ್ತಾರಲ್ಲ, ಇವನದು ತೆಗೆದ ಕೂದಲನ್ನು ವಾಪಸ್ಸು ಬೆಣ್ಣೆಗೆ ಸೇರಿಸುವ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ರಿವರ್ಸಣ್ಣ. ಸಂಬಳದ ದಿನ ತನ್ನ ನಿಜವಾದ ಹೆಸರು ಕಂಡರೆ ಅವನಿಗೇ ಒಂದು ಕ್ಷಣ ಇದು ಯಾರಪ್ಪಾ ಅನ್ನಿಸುತ್ತಿತ್ತು.

ಇಂಥ ರಿವರ್ಸಣ್ಣ ಗೇಟು ದಾಟಿ ಒಂದೇ ಒಂದು ಬಸ್ಸನ್ನು ರಸ್ತೆಗೆ ಇಳಿಸಿದವನಲ್ಲ. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಆ ನಾಲ್ಕು ಗೋಡೆಗಳ ನಡುವೆಯೇ ಓಡಿಸಿದ್ದ. ಅವನ ಹತ್ತಿರ ಇದ್ದದ್ದು ಕಾಂಪೌಂಡಿನೊಳಗೆ ಮಾತ್ರ ನಡೆಯುವ ಪರ್ಮಿಟ್ಟು. ರಸ್ತೆಗೆ ಬೇಕಾದ ಟೆಸ್ಟಿನಲ್ಲಿ ಹಿಂದೊಮ್ಮೆ ಫೇಲಾಗಿದ್ದ. ಹಾಗಂತ ಅವನೇ ಎಲ್ಲರಿಗೂ ಹೇಳಿಕೊಂಡಿದ್ದ, ಯಾರೂ ಕೇಳದಿದ್ದರೂ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾವೆಲ್ಲ ನೋಡಿದ್ದೇವೆ. ಇವನು 'ಕೂಸು ಎಲ್ಲಿ ಹುಟ್ಟುತ್ತೆ ಬಿಡಿ' ಅಂತ ತಂದ ಬಟ್ಟೆಯನ್ನೂ ಅಂಗಡಿಗೆ ವಾಪಸ್ಸು ಕೊಟ್ಟುಬರುವ ಪೈಕಿ. ಶಾಲೆಯಲ್ಲಿ ಓಟಕ್ಕೆ ನಿಲ್ಲಿಸಿದರೆ, ಪಕ್ಕದವನು ಎರಡು ಹೆಜ್ಜೆ ಮುಂದಾದ ಕೂಡಲೇ ನಿಂತುಕೊಂಡು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ. ಪ್ರಾಯದಲ್ಲಿ ಪಾಸ್ ಕೌಂಟರಿನ ಹುಡುಗಿಯೊಬ್ಬಳು, "ಭಾನುವಾರ ಕೆರೆ ಹತ್ರ ವಾಕಿಂಗ್ ಹೋಗ್ತೀನಿ, ನೀವೂ ಬನ್ನಿ" ಅಂದಿದ್ದಳು. ಸುಮ್ಮನೆ ಬಾಯಿಮಾತಿಗೆ ಅಂದಿರುತ್ತಾಳೆ ಅಂದುಕೊಂಡು ಇವನು ಭಾನುವಾರ ಇಡೀ ದಿನ ಬಟ್ಟೆ ಒಗೆದ. ಅವಳು ಅಲ್ಲಿ ಕಾದಳೋ ಇಲ್ಲವೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹೋಗಿ ನೋಡಿದ್ದರೆ ತಾನೇ ಗೊತ್ತಾಗುವುದು! ಮುಂದಿನ ವರ್ಷ ಅವಳಿಗೆ ಮದುವೆಯಾಯಿತು. 'ನೋಡಿದ್ಯಾ, ನಂಗೆ ಮೊದಲೇ ಗೊತ್ತಿತ್ತು' ಅಂತ ಅವನು ತನಗೆ ತಾನೇ ಹೇಳಿಕೊಂಡ.

ಅವನ ವಾಸ ಒಂದು ಟೈರ್ ಅಂಗಡಿಯ ಮೇಲಿನ ರೂಮಿನಲ್ಲಿ. ಒಂದು ಮಂಚ, ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಎರಡನೆಯ ಲೋಟ ತಂದರೆ ಯಾರಾದರೂ ಬರಲಿ ಅಂತ ಕಾಯಬೇಕಾಗುತ್ತದೆ ಅನ್ನುವ ಭಯವೋ ಏನೋ. ಡ್ಯೂಟಿ ಮುಗಿಸಿ ಬಂದು, ಅನ್ನಕ್ಕಿಟ್ಟು, ಅದರಲ್ಲೇ ಒಂದು ಮೊಟ್ಟೆ ಬೇಯಲು ಹಾಕಿ, ಕಿಟಕಿಯ ಹತ್ತಿರ ಕೂತರೆ ಮುಗಿಯಿತು. ಕೆಳಗೆ ಟೈರಿಗೆ ಗಾಳಿ ಹಾಕುವ ಸದ್ದು ನಿಂತ ಮೇಲೆ ಆ ರೂಮಿನಲ್ಲಿ ಮನುಷ್ಯರ ದನಿ ಅನ್ನುವುದು ರೇಡಿಯೋದ್ದು ಮಾತ್ರ. ಕೆಲವು ರಜೆಯ ದಿನ ಸಂಜೆ ಬ್ರೆಡ್ಡು ಕೊಳ್ಳಲು ಹೋಗಿ "ಒಂದು ಕೊಡಿ" ಅಂದಾಗ ಗಂಟಲು ಕಟ್ಟಿಕೊಂಡಿರುತ್ತಿತ್ತು. ಬೆಳಗಿನಿಂದ ಅದೇ ಮೊದಲ ಮಾತು.

ಇದ್ದವಳು ಒಬ್ಬಳೇ ಅಕ್ಕ. ತಾಯಿ ಹೋದ ಮೇಲೆ ಸಾಕಿದವಳು. ಊರಿನ ಆ ತುದಿಯಲ್ಲಿ, ಬಸ್ಸಿನ ಕೊನೇ ಸ್ಟಾಪಿನ ಹಿಂದೆ ಎರಡು ಕೋಣೆಯ ಮನೆ. ಭಾವ ತೀರಿಕೊಂಡ ಮೇಲೆ ಅವಳೂ ಒಂಟಿ. ಭಾನುವಾರ ಇವನು ಹೋಗುತ್ತಿದ್ದ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು. ಊಟ ಮಾಡಿ, ನಲ್ಲಿ ಸೋರುತ್ತಿದ್ದರೆ ಸರಿಮಾಡಿ, ಹೊರಟು ನಿಲ್ಲುತ್ತಿದ್ದ. "ಇವತ್ತೊಂದಿನ ಇಲ್ಲೇ ಇರೋ" ಅನ್ನುತ್ತಿದ್ದಳು ಅಕ್ಕ. "ಆಗಲ್ಲ ಅಕ್ಕ, ಬೆಳಿಗ್ಗೆ ಡ್ಯೂಟಿ." ಎಷ್ಟೋ ವರ್ಷ ಹೀಗೇ ನಡೆಯಿತು. ಈಚೆಗೆ ಅವಳು ಕೇಳುವುದನ್ನು ಬಿಟ್ಟಿದ್ದಳು. 'ನೋಡು, ಅಕ್ಕನಿಗೂ ನಾನು ಬೇಡವಾದೆ' ಅಂತ ಇವನು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡ. ಎಂಥ ಮನುಷ್ಯ ಅಂತೀರಿ!

ಹೀಗಿರುವಾಗ ಡಿಪೋಗೆ ಹೊಸದಾಗಿ ಬಂದ ಮ್ಯಾನೇಜರ್ ಮೇಡಂ ಒಂದು ಬೆಳಿಗ್ಗೆ ಅವನನ್ನು ಕರೆಸಿದರು.

"ಕೂತ್ಕೊಳ್ಳಿ. ಮೇಲಿಂದ ಹೊಸ ರೂಲ್ ಬಂದಿದೆ. ಇನ್ಮೇಲೆ ಕಾಂಪೌಂಡ್ ಒಳಗೆ ಬಸ್ ಓಡಿಸೋರೂ ರೋಡ್ ಟೆಸ್ಟ್ ಪಾಸಾಗಿರ್ಬೇಕಂತೆ. ನಿಮಗೆ ಎರಡು ತಿಂಗಳು ಟೈಮ್ ಕೊಡ್ಬಹುದು. ಅಷ್ಟರಲ್ಲಿ..."

"ವಾಷಿಂಗಿಗೆ ಹಾಕ್ಬಿಡಿ ಮೇಡಂ."

"ಏನು?"

"ಬಸ್ ತೊಳಿಯೋ ಕೆಲಸಕ್ಕೆ. ಅಲ್ಲಿ ಒಬ್ರು ಕಮ್ಮಿ ಇದಾರೆ. ಟೆಸ್ಟು ಗಿಸ್ಟು ನನ್ ಕೈಲಾಗಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ಅಲ್ರೀ, ನಾನಿನ್ನೂ ಮಾತು ಮುಗಿಸಿಲ್ಲ. ಅಷ್ಟರಲ್ಲಿ ನೀವೇ ನಿಮ್ಮನ್ನ ಕೆಲಸದಿಂದ ತೆಗೆದು, ಬೇರೆ ಕೆಲಸಕ್ಕೆ ಹಾಕಿ, ಕೈಗೆ ಬಕೆಟ್ಟೂ ಕೊಟ್ಬಿಟ್ರಲ್ಲ! ಮತ್ತೆ ನಾನ್ಯಾಕೆ ಇಲ್ಲಿ ಕೂತಿರೋದು?"

ಅವನು ಇಂಗು ತಿಂದ ಮಂಗನ ಹಾಗೆ ನಿಂತ.

"ಸೋಮವಾರದಿಂದ ಹಳೇ ಟ್ರೇನಿಂಗ್ ಮೇಷ್ಟ್ರು ಬರ್ತಾರೆ. ರಿಟೈರ್ ಆಗಿದಾರೆ, ಆದ್ರೂ ನಾಲ್ಕು ಜನಕ್ಕೆ ಹೇಳ್ಕೊಡಿ ಅಂತ ಕೇಳ್ಕೊಂಡಿದೀನಿ. ಅವರ ಜೊತೆ ಮಾತಾಡಿ, ಆಮೇಲೆ ಬಂದು ಆಗಲ್ಲ ಅನ್ನಿ. ಹೋಗಿ."

ಮೇಷ್ಟ್ರು ಅನ್ನುವ ಮಾತು ಕೇಳಿದಾಗಲೇ ಅವನು ಬಾಗಿಲ ಕಡೆ ತಿರುಗಿದ್ದ. ಆ ಟೆಸ್ಟಿನ ದಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದವರು ಅವರೇ.

ಅವತ್ತು ನಡೆದದ್ದು ಇಷ್ಟು. ನೀರಿನ ಟ್ಯಾಂಕಿನ ಪಕ್ಕದ ಏರು ರಸ್ತೆ. ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತು, "ಇಲ್ಲಿ ನಿಲ್ಲಿಸಿ, ಮತ್ತೆ ಎತ್ತಿ" ಅಂದರು. ನಿಲ್ಲಿಸಿದ. ಎತ್ತುವಾಗ ಬಸ್ಸು ಒಂದು ಗೇಣು ಹಿಂದಕ್ಕೆ ಜಾರಿತು. ಹಿಂದೆ ತರಕಾರಿ ಗಾಡಿಯವನೊಬ್ಬ ನಿಂತಿದ್ದ. 'ಟಕ್' ಅಂತ ಒಂದು ಸದ್ದು. ಅಷ್ಟೇ. ಇವನು ಎಂಜಿನ್ ಆರಿಸಿದ, ಹ್ಯಾಂಡ್‌ಬ್ರೇಕ್ ಎಳೆದ, ಇಳಿದು ರಸ್ತೆಬದಿಯಿಂದ ಒಂದು ದಪ್ಪ ಕಲ್ಲು ತಂದು ಹಿಂದಿನ ಚಕ್ರಕ್ಕೆ ಕೊಟ್ಟ, ಗಾಡಿಯ ಕಡೆ ಕಣ್ಣೆತ್ತಿಯೂ ನೋಡದೆ ನಡೆದೇಬಿಟ್ಟ. ಓಡಿಹೋಗುವಾಗಲೂ ಚಕ್ರಕ್ಕೆ ಕಲ್ಲು ಕೊಡುವುದು ಮರೆಯಲಿಲ್ಲ, ಪುಣ್ಯಾತ್ಮ. ಕೊನೇ ಸ್ಟಾಪಿನಲ್ಲಿ ಅಕ್ಕ, ತಮ್ಮ ಇವತ್ತು ಡ್ರೈವರಾಗಿ ಬರ್ತಾನೆ ಅಂತ ಅಕ್ಕಪಕ್ಕದವರಿಗೆಲ್ಲ ಸಾರಿಕೊಂಡು ಕಾಯುತ್ತಿದ್ದಳು. ಆಗಿನ್ನೂ ಅವಳ ಮನೆಯಲ್ಲೇ ಇದ್ದ ಇವನು ಕತ್ತಲಾಗುವವರೆಗೆ ಎಲ್ಲೆಲ್ಲೋ ಅಲೆದು ಬಂದ.

ಮೇಡಂ ರೂಮಿನಿಂದ ಹೊರಬಂದವನು ಒಂದು ಬಸ್ಸನ್ನು ಸಾಲಿಗೆ ಹಾಕಿ, ಇಳಿಯದೆ ಹಾಗೇ ಕೂತ. ಸ್ಟೇರಿಂಗಿನ ಮೇಲೆ ಅವನು ಕೈ ಇಡುವ ಜಾಗದಲ್ಲಿ ಬಣ್ಣ ಹೋಗಿ ನುಣ್ಣಗಾಗಿತ್ತು. ಎರಡು ತಿಂಗಳಾದ ಮೇಲೆ ಬೇರೆ ಯಾರೋ ಇಲ್ಲಿ ಕೂರುತ್ತಾರೆ, ತಾನು ಕೆಳಗೆ ಪೈಪು ಹಿಡಿದು ನಿಂತು ನೋಡುತ್ತಿರಬೇಕು. ಇದೊಂದು ಹೋದರೆ ತನ್ನದು ಅನ್ನುವುದು ಲೋಕದಲ್ಲಿ ಏನೂ ಉಳಿಯುವುದಿಲ್ಲ. ಆದರೂ ಟೆಸ್ಟಿಗೆ ಹೋಗುತ್ತೇನೆ ಅನ್ನುವ ಮಾತು ಬಾಯಿಗೆ ಬರಲಿಲ್ಲ.

ಸೋಮವಾರ ಮೇಷ್ಟ್ರು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಮಾತ್ರ ಹಳೆಯದೇ. ಅವರನ್ನು ದೂರದಿಂದ ಕಂಡವನೇ ರಿವರ್ಸಣ್ಣ ಸಾಲಿನ ಕೊನೇ ಬಸ್ಸಿನ ಹಿಂದೆ ಹೋಗಿ ನಿಂತ. ಮೇಷ್ಟ್ರು ನೆಟ್ಟಗೆ ಅಲ್ಲಿಗೇ ಬಂದರು.

"ಏನಯ್ಯಾ, ಇನ್ನೂ ಬಚ್ಚಿಟ್ಕೊಳೋದು ಬಿಟ್ಟಿಲ್ವಾ? ಅವತ್ತು ನನ್ನ ಬಸ್ಸು ನಡುರಸ್ತೇಲಿ ಬಿಟ್ಟು ಹೋದೋನು, ಈಗ ಬಸ್ಸಿನ ಹಿಂದೇನೇ ಸಿಕ್ಕಿದ್ಯಲ್ಲ."

"ಹಳೇದೆಲ್ಲ ಯಾಕೆ ಮೇಷ್ಟ್ರೇ. ಫೇಲಾದೋನು ಫೇಲಾದೆ."

"ಯಾರು ಫೇಲಾದೋರು?"

"ನಾನೇ. ಬಸ್ ಜಾರ್ತು, ಹಿಂದಿನ ಗಾಡಿಗೆ ತಗುಲ್ತು..."

"ಎಲ್ಲಿ ತಗುಲ್ತು?" ಮೇಷ್ಟ್ರಿಗೆ ರೇಗಿತು. "ಗಾಡಿಯೋನು ತಕ್ಕಡೀಗೆ ತೂಕದ ಕಲ್ಲು ಹಾಕಿದ ಸದ್ದು ಅದು! ಒಂದು ಗೇಣು ಜಾರಿದ್ದಕ್ಕೆ ಫೇಲ್ ಮಾಡೋ ಹಾಗಿದ್ರೆ ಈ ಊರಲ್ಲಿ ಒಂದು ಬಸ್ಸೂ ಓಡ್ತಿರ್ಲಿಲ್ಲ. ನೀನು ಹೋದ್ಮೇಲೆ ಇನ್‌ಸ್ಪೆಕ್ಟರು ಇಳಿದು ನೋಡಿದ್ರು. 'ಬಿಟ್ಟು ಹೋಗೋವಾಗ್ಲೂ ಚಕ್ರಕ್ಕೆ ಕಲ್ಲು ಕೊಟ್ಟು ಹೋಗಿದಾನೆ ನೋಡಿ, ಇವನೇ ಕಣ್ರೀ ಡ್ರೈವರು, ಕರ್ಕೊಂಡ್ ಬನ್ನಿ, ರಿವರ್ಸ್ ಒಂದು ಹಾಕಿಸಿ ಮುಗ್ಸೋಣ' ಅಂದ್ರು. ನಿಂಗೋಸ್ಕರ ಬಿಸಿಲಲ್ಲಿ ರಿವರ್ಸಿಗೆ ಕಂಬ ನೆಟ್ಕೊಂಡು ಕೂತಿದ್ವಿ ನಾವು. ನೀನು ಫೇಲಾಗ್ಲಿಲ್ಲ ಕಣಯ್ಯಾ. ನೀನು ಬರ್ಲೇ ಇಲ್ಲ."

ಅವನು ಬಸ್ಸಿಗೆ ಒರಗಿಕೊಂಡ. ಉಳಿದಿದ್ದದ್ದು ರಿವರ್ಸ್ ಒಂದೇ. ರಿವರ್ಸ್!

"ಹೇಳಿ ಕಳಿಸ್ಬೇಕಿತ್ತು ಮೇಷ್ಟ್ರೇ," ಅಂದ ಕೊನೆಗೆ.

"ಹೇಳಿ ಕಳಿಸೋದೇನು, ನಾನೇ ನಿಮ್ಮನೆಗೆ ಬಂದಿದ್ದೆ. ನೀನಿರ್ಲಿಲ್ಲ. ನಿಮ್ಮಕ್ಕನಿಗೆ ಹೇಳಿದ್ದೆ, ಶುಕ್ರವಾರ ಮತ್ತೆ ಬರೋಕೆ ಹೇಳಮ್ಮಾ ಅಂತ. ಶುಕ್ರವಾರವೂ ಕಾದ್ವಿ. ಬಾರದೋನನ್ನ ಎಷ್ಟು ಸಲ ಕರೀಲಿ? ಆಮೇಲೆ ನಂಗೂ ಬೇರೆ ಊರಿಗೆ ವರ್ಗ ಆಯ್ತು."

ಅವತ್ತು ಭಾನುವಾರ ಅಲ್ಲ. ಆದರೂ ಡ್ಯೂಟಿ ಮುಗಿಸಿದವನೇ ಅವನು ಕೊನೇ ಸ್ಟಾಪಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅಕ್ಕನ ಮೇಲೆ ಸಿಟ್ಟು ಕುದಿಯುತ್ತಿತ್ತು. ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕೂತಳಲ್ಲ! ಅಕ್ಕ ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ತಮ್ಮನನ್ನು ನೋಡಿ ಎದ್ದು ನಿಂತಳು.

"ಏನಾಯ್ತೋ? ಮೈ ಹುಷಾರಿದ್ಯಾ?"

"ಅವತ್ತು ಟೆಸ್ಟಾದ್ಮೇಲೆ ಮೇಷ್ಟ್ರು ಮನೆಗೆ ಬಂದಿದ್ರಾ?"

ಅಕ್ಕ ಮತ್ತೆ ಕೂತಳು. ಒಂದು ಬೀನ್ಸು ಎತ್ತಿಕೊಂಡು, ಅದರ ನಾರು ಎಳೆದು, ಪಾತ್ರೆಗೆ ಹಾಕಿದಳು.

"ಬಂದಿದ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ದೆ ಕಣೋ," ಅಂದಳು ಅಕ್ಕ. "ಊಟಕ್ಕೆ ಕೂತಿದ್ದೆ ನೀನು. 'ಫೇಲಾಗಿಲ್ವಂತೆ, ಶುಕ್ರವಾರ ಕರೀತಿದಾರಂತೆ' ಅಂದೆ. ನೀನು ತಟ್ಟೆ ಎತ್ತಿ ಎಸೆದೆ. 'ಸುಳ್ಳು ಹೇಳಿ ಸಮಾಧಾನ ಮಾಡ್ಬೇಡ, ಇನ್ನೊಂದ್ಸಲ ಆ ಮಾತೆತ್ತಿದ್ರೆ ಈ ಮನೆ ಮೆಟ್ಟಿಲು ಹತ್ತಲ್ಲ' ಅಂದೆ. ಮಾರನೇ ವಾರವೇ ಆ ಟೈರಂಗಡಿ ಮೇಲೆ ರೂಮ್ ಮಾಡ್ದೆ."

ತಟ್ಟೆ ಎಸೆದದ್ದು ಅವನಿಗೆ ನೆನಪಿತ್ತು. ಬಾಗಿಲ ಹತ್ತಿರ ಅದು ಸುತ್ತು ಹೊಡೆದು ಹೊಡೆದು ನಿಂತದ್ದೂ ನೆನಪಿತ್ತು. ಅದಕ್ಕೂ ಮುಂಚೆ ಅಕ್ಕ ಏನಂದಳು ಅನ್ನುವುದು ಮಾತ್ರ ಅವನ ತಲೆಯಿಂದ ಅಳಿಸಿಹೋಗಿತ್ತು. ಒಳ್ಳೆಯ ಸುದ್ದಿ ಮನೆಬಾಗಿಲಿಗೆ ಬಂದಿತ್ತು, ಇವನು ಅದರ ಮುಖಕ್ಕೆ ತಟ್ಟೆ ಎಸೆದಿದ್ದ.

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ," ಅಂದಳು ಅಕ್ಕ, ನಗಲು ನೋಡಿ, ಆಗದೆ. "ಮತ್ತೆ ಹೇಳ್ಬೇಕು ಅಂತ ಎಷ್ಟು ಸಲ ಬಾಯಿಗೆ ಬಂತು. ಆದ್ರೆ ನೀನು ಡ್ರೈವರ್ ಆಗೋದಕ್ಕಿಂತ ಭಾನುವಾರ ಬರೋದೇ ನಂಗೆ ಮುಖ್ಯ ಆಯ್ತು. ಅದೂ ತಪ್ಪಿಹೋದ್ರೆ ನಾನೇನ್ ಮಾಡ್ಲಿ? ಬಾಯಿ ಮುಚ್ಕೊಂಡೆ."

ಸಿಟ್ಟು ಎಲ್ಲಿ ಹೋಯಿತೋ. ಅವನು ನೆಲದ ಮೇಲೆ ಕೂತು ಪಾತ್ರೆ ತನ್ನ ಕಡೆ ಎಳೆದುಕೊಂಡು ಬೀನ್ಸ್ ಬಿಡಿಸತೊಡಗಿದ. ತನ್ನನ್ನು ಯಾರೂ ಸೋಲಿಸಿರಲಿಲ್ಲ. ಓಟದಲ್ಲಿ, ಕೆರೆಯ ಹತ್ತಿರ, ಆ ಏರು ರಸ್ತೆಯಲ್ಲಿ, ಎಲ್ಲ ಕಡೆ ತಾನೇ ಮೊದಲು ಹಿಂದೆ ಸರಿದಿದ್ದ. ಹಾಗೆ ನೋಡಿದರೆ ಸೋಲು ಅಂದರೆ ಹೇಗಿರುತ್ತದೆ ಅಂತಲೂ ತನಗೆ ಸರಿಯಾಗಿ ಗೊತ್ತಿಲ್ಲ. ಇದು ಹೊಳೆದಾಗ ಅವನಿಗೆ ಅಳು ಬಂತು, ಅಕ್ಕನ ಎದುರಿಗೇ ಅತ್ತ. ಅಕ್ಕ ಬೀನ್ಸಿನ ನಾರೆಲ್ಲ ಬಾಚಿ ಒಂದು ಕಡೆ ಗುಡ್ಡೆ ಮಾಡಿದಳು.

ಮರುದಿನ ಮೇಡಂ ಬಾಗಿಲಲ್ಲಿ ನಿಂತು, "ಟೆಸ್ಟಿಗೆ ಹೆಸರು ಬರ್ಕೊಳ್ಳಿ ಮೇಡಂ" ಅಂದ. ಹಿಂದೆಯೇ, "ಆಗುತ್ತೋ ಇಲ್ವೋ ಗೊತ್ತಿಲ್ಲ" ಅಂತಲೂ ಸೇರಿಸಿದ. ಹುಟ್ಟುಗುಣ, ಒಂದೇ ದಿನಕ್ಕೆ ಹೋಗುತ್ತದೆಯೇ?

ಮೇಷ್ಟ್ರ ಜೊತೆ ಗೇಟು ದಾಟಿದ ಮೊದಲ ದಿನ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವನದೊಂದು ವಿಚಿತ್ರ ತಪ್ಪು, ಬೇರೆ ಯಾವ ಡ್ರೈವರೂ ಮಾಡಲಾರದ್ದು. ಬಸ್ಸು ಮುಂದಕ್ಕೆ ಹೋಗುತ್ತಿದ್ದರೂ ಕಣ್ಣು ಎಡಗನ್ನಡಿ, ಬಲಗನ್ನಡಿ, ಮತ್ತೆ ಎಡಗನ್ನಡಿ. ಹಿಂದೆ ಏನಿದೆ ಅಂತ ನೋಡಿ ನೋಡಿ ಬಂದ ಅಭ್ಯಾಸ.

"ಮುಂದೆ ಒಂದು ರಸ್ತೆ ಇದೆ ಕಣಯ್ಯಾ," ಅಂದರು ಮೇಷ್ಟ್ರು. "ಅದನ್ನೂ ಸ್ವಲ್ಪ ನೋಡು. ಪಾಪ, ಬೇಜಾರ್ ಮಾಡ್ಕೊಳುತ್ತೆ."

ಬೆಳಿಗ್ಗೆ ಬೆಳಿಗ್ಗೆ ಹೀಗೇ ಕಲಿತ. ಕೆಲವು ದಿನ ಚೆನ್ನಾಗಿ ಹೋಗುತ್ತಿತ್ತು, ಕೆಲವು ದಿನ ಸಿಗ್ನಲ್ಲಿನಲ್ಲಿ ಹಿಂದಿನವರೆಲ್ಲ ಹಾರ್ನ್ ಹೊಡೆಯುವವರೆಗೂ ನಿಂತೇ ಇರುತ್ತಿದ್ದ. ರೂಮಿಗೆ ಬಂದರೆ ಹೇಳಿಕೊಳ್ಳಲು ಯಾರೂ ಇಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ತಟ್ಟೆಯನ್ನು ಸ್ಟೇರಿಂಗಿನ ಹಾಗೆ ಹಿಡಿದು, ಎದುರಿನ ಗೋಡೆ ನೋಡುತ್ತಾ ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದ. ಟೈರ್ ಅಂಗಡಿಯವನು ಒಮ್ಮೆ ಬಾಡಿಗೆಗೆ ಬಂದು ಇದನ್ನು ನೋಡಿ, ಹಾಗೇ ಮೆಟ್ಟಿಲಿಳಿದು ಹೋದ.

ಟೆಸ್ಟಿನ ದಿನ ಬಂದ ಇನ್‌ಸ್ಪೆಕ್ಟರು ನಡುವಯಸ್ಸಿನವರು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಏರು ರಸ್ತೆಯಲ್ಲಿ ಬಸ್ಸು ಒಂದು ಬೆರಳೂ ಜಾರಲಿಲ್ಲ. ಅಯ್ಯಪ್ಪಾ ಅಂದುಕೊಂಡು ಉಸಿರುಬಿಟ್ಟ. ಆ ಖುಷಿಯಲ್ಲೇ ಇರಬೇಕು, ಮುಂದಿನ ಎಡತಿರುವಿನಲ್ಲಿ ಲೆಕ್ಕ ತಪ್ಪಿ ಹಿಂದಿನ ಚಕ್ರ ಫುಟ್‌ಪಾತ್ ಹತ್ತಿ ಧಡ್ ಅಂತ ಇಳಿಯಿತು.

ಬಸ್ಸು ನಿಂತಿತು. ಇನ್‌ಸ್ಪೆಕ್ಟರು ಏನೋ ಗೀಚಿಕೊಂಡರು. ರಿವರ್ಸಣ್ಣನ ಕೈ ತಾನಾಗಿ ಕೀ ಹತ್ತಿರ ಹೋಯಿತು. ಬಾಗಿಲು ಅಲ್ಲೇ ಪಕ್ಕದಲ್ಲಿತ್ತು. ರಸ್ತೆಬದಿಯಲ್ಲಿ ಕಲ್ಲೂ ಬಿದ್ದಿತ್ತು, ಚಕ್ರಕ್ಕೆ ಕೊಡಲು ಬೇಕಾದಷ್ಟು ದಪ್ಪದ್ದು. ಇಳಿದುಬಿಡು, ಮುಗಿಯಿತು, ಗೊತ್ತಿದ್ದದ್ದೇ ತಾನೇ ಅಂತ ಒಳಗಿನಿಂದ ಆ ಹಳೇ ದನಿ. ಹಿಂದಿನ ಸೀಟಿನಲ್ಲಿ ಮೇಷ್ಟ್ರು ಕೆಮ್ಮಲೂ ಇಲ್ಲ. ಅವನು ಆ ಕಲ್ಲನ್ನೇ ನೋಡುತ್ತಾ ಕೂತಿದ್ದ.

"ಸಾರ್," ಅಂದ. "ಮುಂದೆ ಹೋಗ್ಲಾ?"

ಇನ್‌ಸ್ಪೆಕ್ಟರು ಮೂಗೊರೆಸಿಕೊಂಡರು. "ಮತ್ತೇನು, ಇಲ್ಲೇ ಮನೆ ಕಟ್ತೀರಾ? ನಡೀರಿ."

ಅವನು ಬಸ್ಸು ಎತ್ತಿದ. ಮೈದಾನದಲ್ಲಿ ಕಂಬಗಳು ನೆಟ್ಟಿದ್ದವು, ಅವುಗಳ ನಡುವೆ ಹಿಮ್ಮುಖವಾಗಿ ಬಸ್ಸು ಒಳಗೆ ಹೋಯಿತು. ಇನ್‌ಸ್ಪೆಕ್ಟರು ಇಳಿದು ಎರಡೂ ಕಡೆ ಸುತ್ತಿ ನೋಡಿ ಬಂದರು.

"ಇಂಥ ರಿವರ್ಸ್ ನನ್ನ ಸರ್ವೀಸಲ್ಲೇ ನೋಡಿಲ್ಲ. ಆದ್ರೆ ಫುಟ್‌ಪಾತ್ ಮೇಲೆ ಜನ ಇರ್ತಾರೆ ಕಣ್ರೀ. ಫೇಲ್. ಮುಂದಿನ ತಿಂಗಳು ಬರ್ತೀರಾ?"

"ಬರ್ತೀನಿ ಸಾರ್. ಯಾವತ್ತು?"

ಕೇಳಿದ ಮೇಲೆ ಕೇಳಿದ್ದು ತಾನೇನಾ ಅಂತ ಅವನಿಗೆ ಆಶ್ಚರ್ಯವಾಯಿತು. ಮೇಡಂ ಕೊಟ್ಟ ಗಡುವಿನೊಳಗೆ ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಕೈಗೆ ಪೈಪು. ಭಯ ಇತ್ತು, ಇಲ್ಲವೆಂದು ಯಾರು ಹೇಳಿದರು? ಆದರೆ ಇನ್ನೊಂದು ಇದೆಯಲ್ಲ.

ಸಂಜೆ ಕೊನೇ ಸ್ಟಾಪಿನ ಬಸ್ಸು ಹತ್ತಿದವನು ಅಭ್ಯಾಸಬಲದಿಂದ ಹಿಂದಕ್ಕೆ ಹೊರಟು, ಏನೋ ಅನ್ನಿಸಿ ತಿರುಗಿ ಬಂದು ಡ್ರೈವರಿನ ಬೆನ್ನಿಗಿದ್ದ ಸೀಟಿನಲ್ಲಿ ಕೂತ. ಎಡತಿರುವು ಬಂದಾಗಲೆಲ್ಲ ಡ್ರೈವರು ಎಷ್ಟು ದೂರ ಹೋಗಿ ತಿರುಗಿಸುತ್ತಾನೆ ಅಂತ ಕತ್ತು ಚಾಚಿ ನೋಡಿದ. ಕಾಯಬೇಡ ಅಂತ ಅಕ್ಕನಿಗೆ ಹೇಳಿದ್ದ. ಅವಳು ಸ್ಟಾಪಿನ ಸಿಮೆಂಟು ಬೆಂಚಿನ ಮೇಲೆ ಕೂತಿದ್ದಳು. ಈ ಸಲ ಅಕ್ಕಪಕ್ಕದವರಿಗೆ ಹೇಳಿರಲಿಲ್ಲ, ಒಬ್ಬಳೇ.

"ಏನಾಯ್ತೋ?"

"ಫೇಲಾದೆ, ಅಕ್ಕ."

ಅಕ್ಕ ಅವನ ಮುಖವನ್ನೇ ನೋಡಿದಳು. "ನಡುವೇಲಿ ಎದ್ದು ಬಂದ್ಯಾ?"

"ಇಲ್ಲ. ಕೊನೇವರೆಗೂ ಕೂತಿದ್ದೆ. ಪೂರ್ತಿ ಮುಗಿಸಿ ಫೇಲಾದೆ. ಈ ಸಲ ನಿಜವಾಗ್ಲೂ ಫೇಲಾದೆ ಅಕ್ಕ. ಮುಂದಿನ ತಿಂಗಳು ಮತ್ತೆ ಇದೆ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡ. ನಗುತ್ತಿದ್ದಳು. "ಫೇಲಾಗಿ ಬಂದು ಹೀಗೆ ಹಲ್ಲು ಕಿರಿಯೋನನ್ನ ನಾನು ನೋಡೇ ಇಲ್ಲ, ಕತ್ತೆ," ಅಂದಳು. ಅವನೂ ನಕ್ಕ.

ಮನೆಗೆ ನಡೆದರು, ಉಂಡರು. ಕೈ ತೊಳೆದು ಬಂದವನು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿ ನಿಂತ. ಅಕ್ಕ ಹಿಂದೆಲ್ಲ ಅನ್ನುತ್ತಿದ್ದಂತೆ ಇಲ್ಲೇ ಇರೋ ಅನ್ನಲಿಲ್ಲ, ದೀಪದ ಕಡೆ ನೋಡುತ್ತಿದ್ದಳು. ಹೊರಗೆ ವಾಪಸ್ಸು ಹೋಗುವ ಬಸ್ಸಿನ ಎಂಜಿನ್ ಶುರುವಾಯಿತು. ಬೇಡ ಅಂದುಬಿಟ್ಟರೆ? ಆ ಏರು ರಸ್ತೆಗಿಂತಲೂ ಅವನಿಗೆ ಇದೇ ಕಷ್ಟವಾಯಿತು.

"ಅಕ್ಕ, ಇವತ್ತು ಇಲ್ಲೇ ಉಳ್ಕೊಳ್ಲಾ?"

ಅಕ್ಕ ಒಳಕೋಣೆಯ ಬಾಗಿಲು ತಳ್ಳಿದಳು. ಗೋಡೆಬದಿಯ ಮಂಚದ ಮೇಲೆ ಒಗೆದ ಚಾದರ ಹಾಸಿತ್ತು, ದಿಂಬಿತ್ತು, ಕಾಲ ಹತ್ತಿರ ಮಡಿಸಿದ ಹೊದಿಕೆ.

"ಇವತ್ತು ಹಾಸಿದ್ದಾ?" ಅಂತ ಕೇಳಿದ ಅವನು.

"ಭಾನುವಾರ ಭಾನುವಾರ ಹಾಸ್ತೀನಿ," ಅಂದಳು ಅಕ್ಕ. "ಕೇಳೋದು ಬಿಟ್ಟೆ ಅಷ್ಟೇ ಕಣೋ, ಹಾಸೋದು ಬಿಟ್ಟಿರ್ಲಿಲ್ಲ."